ಗಾಡಿಯ ಎಣ್ಣೆಯೂ ಶಹಾಬಾದದ ಕಲ್ಲೂ



ಗಾಡಿಗೂ ಎಣ್ಣೆಗೂ ಇರುವ ನಂಟು ನಮ್ಮ ನಾಡಿಗೆ ಹೊಸದಲ್ಲ. ಮೋಟಾರು ಬರುವುದಕ್ಕೆ ಬಹುಕಾಲ ಮುಂಚೆಯೇ ನಮ್ಮ ರೈತನು ಚಕ್ಕಡಿಯ ಅಡಿಯಲ್ಲಿ ಬಿದಿರಿನ ಗೊಟ್ಟವೊಂದನ್ನು ತೂಗುಹಾಕಿ, ಅದರಲ್ಲಿ ಕೀಲೆಣ್ಣೆಯನ್ನು ತುಂಬಿಕೊಂಡು ಸಂತೆಗೆ ಹೊರಡುತ್ತಿದ್ದನು. ದಾರಿಯಲ್ಲಿ ಅಚ್ಚು ಕಿರುಗುಟ್ಟಿತೆಂದರೆ ಕಡ್ಡಿಯಿಂದ ಒಂದಿಷ್ಟು ಸವರಿದರೆ ತೀರಿತು. ಹಳೆಯ ಎಣ್ಣೆಯನ್ನು ಇಳಿಸುವ ತೊಡಕು ಅವನಿಗಿರಲಿಲ್ಲ.

ಮೋಟಾರಿನ ಮಾತು ಹಾಗಲ್ಲ. ಅದರ ಹೊಟ್ಟೆಯೊಳಗಿನ ಎಣ್ಣೆಯು ಕಾವಿಗೆ ಕೆಟ್ಟು, ಮಸಿಯನ್ನೂ ಸವೆದ ಲೋಹದ ಪುಡಿಯನ್ನೂ ಹೊತ್ತು ಕಪ್ಪಾಗುತ್ತದೆ. ಅದನ್ನು ಆಗಾಗ ಇಳಿಸಿ ಹೊಸದನ್ನು ಹಾಕಬೇಕು. ಇದು ಮಿಸ್ತ್ರಿಯ ಕೆಲಸ. ಆದರೆ ಕೂಲಿಯನ್ನು ಉಳಿಸುವೆನೆಂದು ಮನೆಯಂಗಳದಲ್ಲಿಯೇ ಪಾನಾ ಹಿಡಿದು ಕೂಡುವ ಗೃಹಸ್ಥರು ಎಲ್ಲ ಊರುಗಳಲ್ಲಿಯೂ ಉಂಟು. ಅವರ ಸಾಹಸವನ್ನು ನೋಡುವುದಕ್ಕೆ ಕಲಬುರಗಿ ಜಿಲ್ಲೆಯ ಶಹಾಬಾದಕ್ಕಿಂತ ತಕ್ಕ ರಂಗಭೂಮಿ ಮತ್ತೊಂದಿಲ್ಲವೆಂದು ನಮ್ಮ ಮತ. ಏಕೆಂದರೆ ಅಲ್ಲಿ ಕಾಲಿಟ್ಟಲ್ಲೆಲ್ಲ ಫರಸಿ. ಅಂಗಳ ಫರಸಿ, ಪಡಸಾಲೆ ಫರಸಿ, ಕಟ್ಟೆಯೂ ಫರಸಿ. ಊರಿನ ಹೆಸರನ್ನೇ ಹೊತ್ತು ದೇಶದ ನಾನಾ ಮನೆಗಳ ನೆಲವಾಗಿ ಹೋಗಿರುವ ಕಲ್ಲು ಅದು. ಭೂವಿಜ್ಞಾನಿಗಳು ಅದನ್ನು ಸುಣ್ಣಶಿಲೆಯೆಂದು ಕರೆಯುತ್ತಾರೆ. ನೀರು ಬಿದ್ದರೆ ಆರುತ್ತದೆ. ಎಣ್ಣೆ ಬಿದ್ದರೆ ಮಾತ್ರ ಆ ಕಲ್ಲು ಅದನ್ನು ಮೆಲ್ಲಗೆ ಒಳಗೆ ಕರೆದುಕೊಂಡು, ವರ್ಷಗಟ್ಟಲೆ ಬಂದವರಿಗೆಲ್ಲ ತೋರಿಸುತ್ತಿರುತ್ತದೆ.

ಈಗ ನಮ್ಮ ಗೃಹಸ್ಥನನ್ನು ನೋಡೋಣ. ಫಟಫಟಿಯ ಹೊಟ್ಟೆಯಲ್ಲಿರುವುದು ಸುಮಾರು 1 ಲೀಟರು ಎಣ್ಣೆ. ಇಷ್ಟೇ ತಾನೆ ಎಂಬ ಧೈರ್ಯದಿಂದ ಅವನು ಅಡಿಗೆಮನೆಯಿಂದ ಒಂದು ಪರಾತವನ್ನು ಗುಟ್ಟಾಗಿ ತರುತ್ತಾನೆ. ಎಣ್ಣೆ ಸರಾಗವಾಗಿ ಇಳಿಯಲೆಂದು ಯಂತ್ರವನ್ನು ತುಸು ಹೊತ್ತು ನಡೆಸಿ ಬಿಸಿಮಾಡುತ್ತಾನೆ. ಇದು ಸರಿಯಾದ ಕ್ರಮವೇ. ಆ ಮೇಲೆ ಮೇಲಿನಿಂದ ಬಗ್ಗಿ, ಕೈಯನ್ನು ಅಡಿಗೆ ತೂರಿಸಿ, ಬೋಲ್ಟನ್ನು ಎಡಕ್ಕೆ ತಿರುವುತ್ತಾನೆ. ಬೋಲ್ಟಿನ ತಲೆ ನೆಲದ ಕಡೆಗೆ ಮುಖಮಾಡಿದೆ; ಮೇಲಿನಿಂದ ನೋಡುವವನಿಗೆ ಎಡವಾದದ್ದು ಅದಕ್ಕೆ ಬಲವಾಗುತ್ತದೆಂಬುದು ಅವನಿಗೆ ಹೊಳೆಯುವುದಿಲ್ಲ. ಬಿಚ್ಚುತ್ತಿದ್ದೇನೆಂದು ತಿಳಿದು ಬಲವಾಗಿ ಬಿಗಿಯುತ್ತಲೇ ಇರುತ್ತಾನೆ. ನೆರೆಯವನೊಬ್ಬನು ಬಂದು, ನೆಲಕ್ಕೆ ಒರಗಿ ನೋಡಿ, ದಿಕ್ಕನ್ನು ತಿದ್ದಬೇಕು.

ಬೋಲ್ಟು ಸಡಿಲಿತು. ಕೊನೆಯ ಸುತ್ತಿನಲ್ಲಿ ಅದು ಬೆರಳಿನಿಂದ ಜಾರಿ ಪರಾತದೊಳಗೆ ಮುಳುಗಿತು. ಬಿಸಿ ಎಣ್ಣೆ ಅಂಗೈಗೆ ಬಿದ್ದು, ಮುಂಗೈಯಿಂದ ಮೊಳಕೈಗೆ ಹರಿದು, ಅಂಗಿಯ ತೋಳನ್ನು ಹೊಕ್ಕಿತು. ಅವನು ಕೈಯನ್ನು ಕೊಡವಿದನು. ಗೋಡೆಯ ಸುಣ್ಣಕ್ಕೂ ಪ್ರಸಾದ ದೊರೆಯಿತು. ಇನ್ನೊಂದು ಸೂಕ್ಷ್ಮವುಂಟು. ಎಣ್ಣೆಯ ಧಾರೆ ಮೊದಲು ರಭಸದಿಂದ ದೂರಕ್ಕೆ ಚಿಮ್ಮುತ್ತದೆ. ಒಳಗಿನ ಮಟ್ಟ ತಗ್ಗಿದಂತೆ ಧಾರೆ ಹಿಂದೆ ಸರಿದು, ಕಡೆಗೆ ನೆಟ್ಟಗೆ ತೊಟ್ಟಿಕ್ಕುತ್ತದೆ. ಆದುದರಿಂದ ಮೊದಲು ಸರಿಯಾದ ಜಾಗದಲ್ಲಿದ್ದ ಪರಾತವು ಕೊನೆಗೆ ತಪ್ಪಿದ ಜಾಗದಲ್ಲಿರುತ್ತದೆ. ಅವನು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಧಾರೆ ಪರಾತವನ್ನು ಬಿಟ್ಟು ಫರಸಿಯನ್ನು ಹಿಡಿದಿರುತ್ತದೆ. ಮನೆಯ ಕೋಳಿ ಅದರ ಮೇಲೆ ನಡೆದು, ಪಡಸಾಲೆಯ ತನಕ ತನ್ನ ಹೆಜ್ಜೆಗಳನ್ನು ಮುದ್ರೆಯೊತ್ತಿರುತ್ತದೆ.

ಇಷ್ಟರ ಮೇಲೂ ಅತಿ ದೊಡ್ಡ ಅಂಕವೊಂದು ಉಳಿದಿದೆ. ಗಾಬರಿಯಲ್ಲಿ ಬೋಲ್ಟು ಪರಾತದಲ್ಲಿಯೇ ಉಳಿಯುತ್ತದೆ; ಅವನು ಮೇಲಿನ ಮುಚ್ಚಳವನ್ನು ತೆಗೆದು ಹೊಸ ಎಣ್ಣೆಯನ್ನು ಭಕ್ತಿಯಿಂದ ಸುರಿಯುತ್ತಾನೆ. ಜೇನಿನ ಬಣ್ಣದ ಆ ಎಣ್ಣೆ ಮೇಲಿನಿಂದ ಹೊಕ್ಕು ಕೆಳಗಿನಿಂದ ಹೊರಟು, ಹಳೆಯದನ್ನು ಕೂಡಿಕೊಳ್ಳುತ್ತದೆ. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಮುದುಕಿ ಆಗ ಕೇಳುತ್ತಾಳೆ: “ಯಾಕೋ ತಮ್ಮಾ, ಎಣ್ಣಿ ಗಾಡಿಗಿ ಹಾಕ್ಲಿಕತ್ತೀಯೋ, ಅಂಗಳಕ್ಕ ಹಾಕ್ಲಿಕತ್ತೀಯೋ?”

ನಗುವ ಭಾಗ ಇಲ್ಲಿಗೆ ಮುಗಿಯಿತು. ಏಕೆಂದರೆ ಚೆಲ್ಲಿದ್ದಕ್ಕಿಂತ ತೊಳೆಯುವುದರಲ್ಲಿ ಕೆಡುಕು ಹೆಚ್ಚು. ಮೊದಲು ಒಂದು ಕೊಡ ನೀರು ಸುರಿಯುತ್ತಾರೆ. ಎಣ್ಣೆ ನೀರಿನ ಮೇಲೆ ತೇಲಿ, ಗೇಣಗಲದ ಕಲೆ ಮಾರಗಲವಾಗುತ್ತದೆ. ಅನಂತರ ಲಿಂಬೆಯ ರಸ, ಹುಣಸೆಯ ನೀರು, ಕಡೆಗೆ ಪಾಯಖಾನೆ ತೊಳೆಯುವ ಆಮ್ಲ. ಸುಣ್ಣಶಿಲೆಗೆ ಆಮ್ಲವೇ ಶತ್ರು. ತಗುಲಿದ ಕ್ಷಣವೇ ನೊರೆಯೆದ್ದು ಕಲ್ಲಿನ ಮೈ ಕರಗುತ್ತದೆ. ನೊರೆಯನ್ನು ಕಂಡು ಕೊಳೆ ಹೋಗುತ್ತಿದೆಯೆಂದು ಗೃಹಸ್ಥನು ಹಿಗ್ಗುತ್ತಾನೆ. ಹೋಗುತ್ತಿರುವುದು ಅವನ ಅಂಗಳ. ಎಣ್ಣೆಯಾದರೋ ಒಳಗೆ ಸುಖವಾಗಿದೆ.

ಮದ್ದು ಆ ಊರಿನಲ್ಲಿಯೇ ಇದೆ. ಕಲ್ಲನ್ನು ಕೊಯ್ದು ನಯಮಾಡುವಲ್ಲೆಲ್ಲ ಕಲ್ಲಿನ ಹಿಟ್ಟು ಬೀಳುತ್ತದೆ. ಒಣಗಿದ ಆ ಹಿಟ್ಟನ್ನೋ, ಬೂದಿಯನ್ನೋ, ಕಟ್ಟಿಗೆಯ ಹೊಟ್ಟನ್ನೋ ಚೆಲ್ಲಿದ ಎಣ್ಣೆಯ ಮೇಲೆ ಒಡನೆಯೇ ಹರಡಬೇಕು, ಉಜ್ಜಬಾರದು, ಎಣ್ಣೆಯನ್ನು ಹೀರಿದ ಮೇಲೆ ಬಾಚಿ ತೆಗೆಯಬೇಕು. ಉಳಿದ ಕಲೆಗೆ ಅದೇ ಹಿಟ್ಟನ್ನು ಬಟ್ಟೆ ತೊಳೆಯುವ ಸೋಡಾದ ನೀರಿನಲ್ಲಿ ಕಲಸಿ, ದಪ್ಪವಾಗಿ ಮೆತ್ತಿ, ಒಣಗಲು ಬಿಡಬೇಕು. ಒಣಗುತ್ತ ಅದು ಒಳಗಿನ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಮೇಲಕ್ಕೆಳೆಯುತ್ತದೆ. ಎರಡು ಮೂರು ಸಲ ಮಾಡಬೇಕಾದೀತು. ಕಲ್ಲಿನ ಕಲೆಗೆ ಕಲ್ಲಿನ ಹಿಟ್ಟೇ ಮದ್ದಾಗುವುದು ಸೊಗಸಲ್ಲವೇ?

ಇನ್ನು ಪರಾತದಲ್ಲಿ ಉಳಿದ ಕರಿ ಎಣ್ಣೆಯ ಗತಿಯೇನು? ಗೆದ್ದಲು ಹಿಡಿಯದಿರಲೆಂದು ಬಾಗಿಲ ಚೌಕಟ್ಟಿಗೆ ಬಳಿಯುವವರುಂಟು, ಮೋರಿಗೆ ಸುರಿಯುವವರುಂಟು, ನೀರು ನಿಂತ ಹಳೆಯ ಕಲ್ಲುಗಣಿಗೆ ಚೆಲ್ಲುವವರೂ ಉಂಟು. ಈ ಎಣ್ಣೆ ಬಹುಕಾಲ ಚರ್ಮಕ್ಕೆ ತಗುಲುತ್ತಿದ್ದರೆ ಅರ್ಬುದರೋಗಕ್ಕೂ ಕಾರಣವಾಗಬಲ್ಲದು. ಸುಣ್ಣಶಿಲೆಯ ನೆಲವು ಬಿರುಕುಗಳ ನೆಲ. ಮೇಲೆ ಸುರಿದದ್ದು ಮಣ್ಣಿನಲ್ಲಿ ಸೋಸಿಹೋಗುವ ಮೊದಲೇ ಆ ಬಿರುಕುಗಳ ಹಾದಿಯಿಂದ ಬಾವಿಯ ನೀರಿಗೆ ಇಳಿಯಬಲ್ಲದು. ಮೋರಿಯಲ್ಲಿ ಹೋದದ್ದು ಮಳೆಯೊಡನೆ ಕಾಗಿಣೆಗೆ ಸೇರುತ್ತದೆ. ಅದೇ ಕಾಗಿಣೆಯ ದಡದಲ್ಲಿ ರಾಷ್ಟ್ರಕೂಟರ ಮಾನ್ಯಖೇಟವಿತ್ತು. ಅದೇ ನೀರು ಮುಂದೆ ಭೀಮೆಯನ್ನು ಕೂಡುತ್ತದೆ. ಒಂದು ಮನೆಯ ಒಂದು ಲೀಟರು ಅಲ್ಪವೆನಿಸಬಹುದು. ಅಂಥ ಮನೆಗಳು ಮಾತ್ರ ಅಲ್ಪವಲ್ಲ.

ಈ ಕರಿ ಎಣ್ಣೆ ಕಸವಲ್ಲ, ಪದಾರ್ಥ. ಅದನ್ನು ಶುದ್ಧಿಮಾಡಿ ಮತ್ತೆ ಯಂತ್ರದ ಎಣ್ಣೆಯ ಮೂಲದ್ರವ್ಯವಾಗಿ ಮಾಡಬಹುದು. ನಮ್ಮ ದೇಶದಲ್ಲಿ 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳು ಇದನ್ನು ಕಂಡಲ್ಲಿ ಸುರಿಯಲು ಬಿಡುವುದಿಲ್ಲ. 2024ರ ಏಪ್ರಿಲ್ 1ರಿಂದ ಎಣ್ಣೆಯನ್ನು ತಯಾರಿಸುವವರಿಗೂ ಅದರ ಹೊಣೆ ಬಂದಿದೆ. ಗೃಹಸ್ಥನ ಪಾಲಿಗೆ ಇರುವುದು ಸಣ್ಣ ಕೆಲಸ: ತಣಿದ ಎಣ್ಣೆಯನ್ನು ಬಿಗಿಯಾದ ಮುಚ್ಚಳದ ಡಬ್ಬಿಗೆ ತುಂಬಿ, ಸಂಗ್ರಹಿಸಿ ಮಾರುವ ಗ್ಯಾರೇಜಿಗೆ ಒಪ್ಪಿಸುವುದು. ಆ ಡಬ್ಬಿ ಅಡಿಗೆಯ ಎಣ್ಣೆಯದ್ದಾಗಿದ್ದರೆ ಮೇಲೆ ದಪ್ಪಕ್ಷರದಲ್ಲಿ ಗುರುತು ಬರೆಯುವುದು.

ತನ್ನ ಗಾಡಿಯ ಸೇವೆಯನ್ನು ತಾನೇ ಮಾಡಿಕೊಳ್ಳುವುದು ಒಳ್ಳೆಯ ಗುಣವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅಗಲವಾದ ಪಾತ್ರೆ, ಅಡಿಯಲ್ಲಿ ಹಳೆಯ ಗೋಣಿಚೀಲ, ಪಕ್ಕದಲ್ಲಿ ಒಂದು ಬುಟ್ಟಿ ಕಲ್ಲಿನ ಹಿಟ್ಟು, ಸುರಿಯುವ ಮೊದಲು ಬೋಲ್ಟಿನ ನೆನಪು: ಇಷ್ಟಿದ್ದರೆ ಕೂಲಿಯೂ ಉಳಿದೀತು, ಅಂಗಳವೂ ಉಳಿದೀತು, ಬಾವಿಯೂ ಉಳಿದೀತು. ಪರಾತವನ್ನು ಮಾತ್ರ ಅಡಿಗೆಮನೆಯಲ್ಲಿಯೇ ಬಿಡುವುದು ಕ್ಷೇಮ.