ವಿದ್ಯಾರ್ಥಿವೇತನ ದಾನವಲ್ಲ, ಹಕ್ಕು

(ಕೋಡಿಂಬಾಳದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹತ್ತನೆಯ ತರಗತಿಗಿಂತ ಮುಂದೆ ಕಲಿತವನಲ್ಲ. ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಪಕ್ಷದ ಕೆಲಸಕ್ಕೆ ಇಳಿದವನು. ದೊಡ್ಡ ಮಾತು ನನ್ನಲ್ಲಿಲ್ಲ. ಮಕ್ಕಳು ಓದು ಬಿಡುವುದನ್ನು ಹತ್ತಿರದಿಂದ ಕಂಡಿದ್ದೇನೆ. ಅದನ್ನೇ ಹೇಳುತ್ತೇನೆ.

ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವ ಒಬ್ಬ ತಾಯಿಯ ಮಗಳು ನನ್ನಲ್ಲಿ ಕಲಿತವಳು. ಪಿ.ಯು.ಸಿ.ಗೆ ಸೇರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. ಹಣ ಬರಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಎಂದು ತಿಳಿಯುವಾಗ ವರ್ಷ ಕಳೆದಿತ್ತು. ಹುಡುಗಿ ಮಂಗಳೂರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿದ್ದಳು. "ಅವಳ ಹಣೆಯಲ್ಲಿ ಬರೆದದ್ದು ಅಷ್ಟೇ ಮಾಸ್ಟ್ರೇ" ಎಂದರು ತಾಯಿ. ಹಣೆಬರಹವಲ್ಲ, ಬಂಧುಗಳೇ! ಬ್ಯಾಂಕಿನಲ್ಲಿ ತುಂಬದೆ ಉಳಿದ ಒಂದು ಫಾರಮು.

ಈ ಹಣ ಯಾರ ದಯೆಯೂ ಅಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವೇತನ ಆರಂಭವಾದದ್ದು 1944ರಲ್ಲಿ, ಅಂಬೇಡ್ಕರರು ವೈಸರಾಯರ ಮಂಡಳಿಯಲ್ಲಿದ್ದಾಗ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆಂದು 2013ರಲ್ಲಿ ವಿದ್ಯಾಸಿರಿ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ಹಣ ಗೊತ್ತಾಯಿತು. ಈ ಹಣದಲ್ಲಿ ನೀವು ಕೊಂಡ ಸಾಬೂನಿನ ತೆರಿಗೆಯೂ ಸೇರಿದೆ.

ಈಗ ಮಾಡಬೇಕಾದ ಕೆಲಸ ಕೇಳಿ. ಮೊದಲು ನಾಡಕಚೇರಿಯಿಂದ ಜಾತಿ ಮತ್ತು ಆದಾಯದ ಪ್ರಮಾಣಪತ್ರ ತನ್ನಿ, ಅದರಲ್ಲಿರುವ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಂಕಪಟ್ಟಿಯಲ್ಲೂ ಆಧಾರಿನಲ್ಲೂ ಹೆಸರು ಒಂದೇ ಇದೆಯೇ ನೋಡಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ. ಬಳಿಕ ರಾಜ್ಯದ ಎಸ್.ಎಸ್.ಪಿ. ತಾಣದಲ್ಲಿ ಅರ್ಜಿ ಹಾಕಿ, ಅದರ ಪ್ರತಿಯನ್ನು ಜೋಪಾನ ಮಾಡಿ. ಕೊನೆಯ ದಿನದವರೆಗೆ ಕಾಯಬೇಡಿ. ಆದಾಯದ ಮಿತಿ ವರ್ಗಕ್ಕೊಂದು ಬಗೆ; ಯಾರೋ ಹೇಳಿದರೆಂದು ಸುಮ್ಮನಿರದೆ ಕಾಲೇಜಿನಲ್ಲಿ ವಿಚಾರಿಸಿ.

ಕೆಲವರಿಗೆ ಓದುವುದಕ್ಕಿಂತ ಕೈಕೆಲಸ ಕಲಿಯುವ ಆಸೆ. ಅವರಿಗೆ 1961ರ ಅಪ್ರೆಂಟಿಸ್ ಕಾಯಿದೆ ಇದೆ. 2019ರ ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ನೂರಕ್ಕೆ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಅದೇ ನಿಯಮ ಹತ್ತನೆಯ ತರಗತಿ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 6,000, ಪದವೀಧರರಿಗೆ 9,000 ರೂಪಾಯಿ ಎಂದು ಗೊತ್ತುಪಡಿಸಿತು. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಸೇರುವಾಗ ಚಾಲ್ತಿಯ ದರವನ್ನೂ ಕೇಳಿ.

ಆದರೆ ಎಚ್ಚರ! ಕಾಯಿದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟು ಮಾಲಿಕನಿಗಿಲ್ಲ. ಇದನ್ನೇ ನೆಪ ಮಾಡಿ, ಕಲಿಸದೆ ಕಡಿಮೆ ದುಡ್ಡಿಗೆ ದುಡಿಸುವವರಿದ್ದಾರೆ. ಆದುದರಿಂದ ಒಪ್ಪಂದವನ್ನು ಓದದೆ ಸಹಿ ಹಾಕಬೇಡಿ. ಅದು ನೋಂದಣಿಯಾಗಿದೆಯೇ, ಯಾವ ಕಸುಬು, ಎಷ್ಟು ತಿಂಗಳು, ಕೊನೆಗೆ ಪ್ರಮಾಣಪತ್ರ ಉಂಟೇ ಎಂದು ಕೇಳಿ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲಿಕನದು. ಅಧಿಕಾರಿಯ ಅನುಮತಿ ಇಲ್ಲದೆ ಹೆಚ್ಚು ಹೊತ್ತು ದುಡಿಸುವಂತಿಲ್ಲ. ಕಾಗದವೇ ಇಲ್ಲದೆ "ನಾಳೆಯಿಂದ ಬಾ" ಎನ್ನುವಲ್ಲಿ ತರಬೇತಿ ಇಲ್ಲ, ಬರಿಯ ಚಾಕರಿ.

ತಪ್ಪು ನಿಮ್ಮದೊಂದೇ ಎಂದು ನಾನು ಹೇಳುವುದಿಲ್ಲ. ಶುಲ್ಕ ಜೂನಿನಲ್ಲಿ ಕಟ್ಟಬೇಕು. ವೇತನ ಮಾತ್ರ ವರ್ಷ ಮುಗಿಯುವಾಗ ಬಂದರೆ ಬಡವ ನಡುವೆ ಏನು ಮಾಡಬೇಕು? ಓದುವ ವರ್ಷದಲ್ಲೇ ಹಣ ಬರಲಿ, ಪಂಚಾಯತಿನಲ್ಲೇ ಅರ್ಜಿ ತುಂಬಿಸುವ ವ್ಯವಸ್ಥೆಯಾಗಲಿ ಎಂದು ನಾವು ಒಟ್ಟಾಗಿ ಕೇಳಬೇಕು. ಅಷ್ಟರವರೆಗೆ ಕೈಕಟ್ಟಿ ಕೂರುವಂತಿಲ್ಲ. ಫಾರಮು ತುಂಬಲು ಬಲ್ಲ ಐದು ಮಂದಿ ಯುವಕ ಯುವತಿಯರು ಈಗಲೇ ಹೆಸರು ಕೊಡಿ. ಬರುವ ಭಾನುವಾರ ಇಲ್ಲಿಯೇ ಕೂರೋಣ. ನಿಮ್ಮ ಕಾಗದಗಳನ್ನು ತನ್ನಿ, ನಾನೂ ಬರುತ್ತೇನೆ.

ಆ ಹುಡುಗಿಗೂ ಹೇಳಿ ಕಳುಹಿಸಿದ್ದೇನೆ.