ಮುಧೋಳದ ನಾಯಿಯೂ ಡಾರ್ವಿನ್ನನ ಪಾಠವೂ

(ಕಾಲೇಜು ವಿದ್ಯಾರ್ಥಿಗಳ ಹಾಗೂ ಅಧ್ಯಾಪಕರ ಕೂಟದಲ್ಲಿ ಮಾಡಿದ ಭಾಷಣ)



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಬಂದಿದ್ದೀರಿ. ಜೀವವಿಕಾಸವೆಂದರೇನೆಂದು ಕೇಳಿದೆವು. ವಿದ್ಯಾರ್ಥಿಗಳು 'ಮಂಗನಿಂದ ಮಾನವ' ಎಂದರು. ಅಧ್ಯಾಪಕರಲ್ಲಿ ಕೆಲವರು, ಜಿರಾಫೆ ಎತ್ತರದ ಎಲೆಗಾಗಿ ಚಾಚಿ ಚಾಚಿ ಕತ್ತು ಉದ್ದ ಮಾಡಿಕೊಂಡಿತೆಂದರು. ಎರಡೂ ಡಾರ್ವಿನ್ನನ ಮಾತಲ್ಲ. ಈಗಿನ ಮಂಗಗಳೂ ನಾವೂ ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳು, ಅಜ್ಜ-ಮೊಮ್ಮಕ್ಕಳಲ್ಲ. ತಪ್ಪು ನಿಮ್ಮದಷ್ಟೇ ಅಲ್ಲ. 'ವಿಕಾಸ' ಎಂಬ ಶಬ್ದವೇ ಮೇಲೇರುವ ಭ್ರಮೆ ಹುಟ್ಟಿಸುತ್ತದೆ.

ದೂರದ ಜಿರಾಫೆ ಯಾಕೆ? ನಮ್ಮ ಮುಧೋಳ ನಾಯಿಯನ್ನು ನೋಡಿ. ನೀಳ ಕಾಲು, ಸಣ್ಣ ನಡು, ಆಳವಾದ ಎದೆ. ಯಾವ ನಾಯಿಯೂ ಓಡಿ ಓಡಿ ತನ್ನ ಮರಿಯ ಕಾಲು ಉದ್ದ ಮಾಡಲಿಲ್ಲ. ಒಂದೇ ಸೂಲಿನ ಮರಿಗಳಲ್ಲೂ ಹುಟ್ಟಿನಿಂದ ಹೆಚ್ಚುಕಡಿಮೆ ಇರುತ್ತದೆ. ಮೊಲವನ್ನು ಬೆನ್ನಟ್ಟಿ ಹಿಡಿಯಬಲ್ಲದ್ದನ್ನು ಬೇಟೆಗಾರ ಉಳಿಸಿಕೊಂಡ, ಅದರಿಂದಲೇ ಮರಿ ಹಾಕಿಸಿದ; ತಲೆಮಾರುಗಟ್ಟಲೆ ಹೀಗೆ ಆರಿಸಿದ. ಡಾರ್ವಿನ್ ಕೂಡ 1859ರ ತನ್ನ ಗ್ರಂಥವನ್ನು ಸಾಕುಪ್ರಾಣಿಗಳಿಂದಲೇ ಆರಂಭಿಸಿದ. ಅವನಿಗೆ ಪಾರಿವಾಳ, ನಮಗೆ ನಾಯಿ.

ಆರಿಸುವ ಕೈ ಇಲ್ಲದಾಗ? ಹತ್ತಿ ಬೆಳೆದವರನ್ನು ಕೇಳಿ. 2002ರಲ್ಲಿ ಬಿ.ಟಿ. ಹತ್ತಿ ಬಂತು. ಅದರ ವಿಷಕ್ಕೆ ಗುಲಾಬಿ ಕಾಯಿಕೊರಕ ಸತ್ತಿತು. ಹುಟ್ಟಿನಿಂದಲೇ ವಿಷ ತಾಳುವ ಬೆರಳೆಣಿಕೆಯ ಹುಳುಗಳು ಉಳಿದು ಸಂತಾನ ಬೆಳೆಸಿದವು. 2010ರ ಹೊತ್ತಿಗೆ ಗುಜರಾತಿನಲ್ಲಿ ವಿಷಕ್ಕೆ ಜಗ್ಗದ ಸಂತತಿ ಕಂಡಿತು. ಇದನ್ನು ತಡೆಯಲೆಂದೇ ಬೀಜದೊಡನೆ ಸಾದಾ ಹತ್ತಿಯ ಪೊಟ್ಟಣವೊಂದನ್ನು ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಿದರೆ ವಿಷ ತಾಳದ ಹುಳುಗಳೂ ಅಲ್ಲಿ ಉಳಿದು, ತಾಳುವವುಗಳೊಡನೆ ಕೂಡಿ, ಆ ಗುಣ ಹರಡುವುದು ನಿಧಾನವಾಗುತ್ತದೆ. ಯಾಕೆಂದು ಯಾರೂ ತಿಳಿಸದಿದ್ದರೆ ರೈತ ಪೊಟ್ಟಣ ಎಸೆಯದೆ ಏನು ಮಾಡಿಯಾನು? ಪಾಠ ಕಾಲೇಜಿನೊಳಗೇ ಉಳಿಯಿತು, ಸಾಲ ಹೊಲದಲ್ಲಿ ಬೆಳೆಯಿತು.

ಕೈಮಗ್ಗದ ನೇಕಾರ ಸೋತದ್ದು 'ಬಲ್ಲಿದನೇ ಬಾಳುವನು' ಎಂಬ ನಿಸರ್ಗನಿಯಮದಂತೆ ಎಂದು ಬನಹಟ್ಟಿಯ ತರುಣರೊಬ್ಬರು ವಾದಿಸಿದರು. ಆ ಘೋಷಣೆ 1864ರಲ್ಲಿ ಸ್ಪೆನ್ಸರ್ ಕಟ್ಟಿದ್ದು; ಡಾರ್ವಿನ್ ಆಮೇಲೆ ಎತ್ತಿಕೊಂಡ. ನೂಲಿನ ದರ, ಸಾಲದ ಬಡ್ಡಿ, ಕೂಲಿ ಇವನ್ನು ನಿಸರ್ಗ ಗೊತ್ತುಮಾಡುವುದಿಲ್ಲ. ಮಾಡುವವರಿಗೆ ಹೆಸರು-ವಿಳಾಸಗಳಿವೆ.

ಎನ್.ಸಿ.ಇ.ಆರ್.ಟಿ. 10ನೆಯ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ಕೈಬಿಟ್ಟಾಗ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ವಿರೋಧಿಸಿದರು. ಆ ತರಗತಿ ಮುಗಿಸಿ ವಿಜ್ಞಾನ ಬಿಟ್ಟವನಿಗೆ ಅದನ್ನು ಮತ್ತೆ ಹೇಳುವವರು ಯಾರು?

ಅಧ್ಯಾಪಕ ಮಿತ್ರರಲ್ಲಿ ಒಂದು ಬೇಡಿಕೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ವರ್ಷ ಜಿರಾಫೆಯ ಚಿತ್ರಪಟ ಸುತ್ತಿಟ್ಟು ಹುಡುಗರನ್ನು ಅಲ್ಲಿಗೆ ಕರೆದೊಯ್ಯಿರಿ. ಒಂದೇ ತಾಯಿಯ ಮರಿಗಳನ್ನು ಸಾಲಾಗಿ ನಿಲ್ಲಿಸಿ, ವ್ಯತ್ಯಾಸ ಎಣಿಸಲು ಹೇಳಿರಿ.