ಆದವಾನಿಯ ಬೆಟ್ಟದ ಕೋಟೆ



ಗಡಿನಾಡಿನ ಒಂದು ಪುರಾತನ ಸ್ಥಳವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿರುವರು. ನಾನು ಆದವಾನಿಯ ಕೋಟೆಯನ್ನು ಆರಿಸಿಕೊಂಡಿರುವೆನು. ಸರಕಾರದ ಕಾಗದಗಳಲ್ಲಿ ಅದು ಆದೋನಿ. ನಮ್ಮ ಜನರ ಬಾಯಲ್ಲಿ ಇಂದಿಗೂ ಆದವಾನಿ.

ಊರ ಬದಿಯಲ್ಲಿಯೇ ಬೆಟ್ಟಗಳು ಗುಂಪಾಗಿ ಎದ್ದು ನಿಂತಿವೆ. ಬಂಡೆಯ ಮೇಲೆ ಬಂಡೆ ಹೇರಿದಂತಹ ಆ ಸಾಲಿನಲ್ಲಿ ಬಾರಾಕಿಲ್ಲಾ ಎಂಬ ಶಿಖರವು ಬಯಲಿನಿಂದ ಸುಮಾರು 800 ಅಡಿ ಎತ್ತರವಿದೆ. ಏರುವ ದಾರಿಯಲ್ಲಿ ಕುಸಿದ ಗೋಡೆಗಳೂ ಮುರಿದ ಬಾಗಿಲುಗಳೂ ಎದುರಾಗುವುವು. ನಡುಹಾದಿಯಲ್ಲಿ ಒಂದು ಕೆರೆಯುಂಟು. ಅದು ಬತ್ತಿದ್ದೇ ಇಲ್ಲವೆಂದು ಪ್ರತೀತಿ. ನೀರಿಲ್ಲದ ಬೆಟ್ಟದಲ್ಲಿ ಎಷ್ಟೇ ದಪ್ಪನೆಯ ಗೋಡೆಯಿದ್ದರೂ ಕೋಟೆಯು ಬಹುಕಾಲ ನಿಲ್ಲಲಾರದು. ಅಲ್ಲಿಯೇ ಬಂಡೆಯಲ್ಲಿ ಕೊರೆದ ಜೈನ ತೀರ್ಥಂಕರರ ಮೂರ್ತಿಗಳಿವೆ. ಕತ್ತಿ ಹಿಡಿದವರು ಏರಿದ ಬೆಟ್ಟವನ್ನೇ ಧ್ಯಾನಕ್ಕೆ ಕುಳಿತವರೂ ಬಯಸಿದ್ದರೆಂಬುದಕ್ಕೆ ಇವೇ ಸಾಕ್ಷಿ.

ಈ ಕೋಟೆಯು ಕಂಡ ಒಡೆಯರು ಒಬ್ಬಿಬ್ಬರಲ್ಲ. 1366ರಲ್ಲಿ ಬಹಮನಿ ಸುಲ್ತಾನನೊಡನೆ ಯುದ್ಧವಾದಾಗ ವಿಜಯನಗರದ ಬುಕ್ಕರಾಯನು ಇಲ್ಲಿಗೆ ಹಿಂದೆ ಸರಿದನೆಂದು ಇತಿಹಾಸಕಾರ ಫಿರಿಸ್ತನು ಬರೆದಿರುವನು. 1565ರ ರಕ್ಕಸತಂಗಡಿಯ ಯುದ್ಧವಾದ ಮೂರು ವರ್ಷಗಳಿಗೆ, 1568ರಲ್ಲಿ, ಕೋಟೆಯು ಬಿಜಾಪುರದ ಆದಿಲಶಾಹಿಗಳ ವಶವಾಯಿತು.

ಬಿಜಾಪುರದ ಪರವಾಗಿ ಇಲ್ಲಿ ಆಳಿದವರಲ್ಲಿ ಸಿದ್ದಿ ಮಸೂದಖಾನನ ಹೆಸರನ್ನು ಜನರು ಮರೆತಿಲ್ಲ. ಊರಲ್ಲಿ ಸುಂದರವಾದ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನೇ. ಶ್ರೀ ರಾಘವೇಂದ್ರ ಸ್ವಾಮಿಗಳವರಿಗೆ ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟವನೂ ಅವನೇ ಎಂದು ಸಂಪ್ರದಾಯವು ಹೇಳುತ್ತದೆ. ಆ ಮಂಚಾಲೆಯೇ ಇಂದಿನ ಮಂತ್ರಾಲಯ. 1671ರಲ್ಲಿ ಸ್ವಾಮಿಗಳವರು ಬೃಂದಾವನಸ್ಥರಾದ ಸ್ಥಳ. 1688ರಲ್ಲಿ ಔರಂಗಜೇಬನ ಸೈನ್ಯವು ಆದವಾನಿಯನ್ನು ಮುತ್ತಿತು. ಕೋಟೆಯನ್ನು ಗೆಲ್ಲಲಾರದೆ ದಳಪತಿಯು ಮಸೀದಿಯ ಕಡೆಗೆ ಫಿರಂಗಿಗಳನ್ನು ತಿರುಗಿಸಿದನೆಂದೂ, ತಾನು ಕಟ್ಟಿಸಿದ ಮಸೀದಿಯು ಹಾಳಾಗುವುದನ್ನು ನೋಡಲಾರದೆ ಮಸೂದಖಾನನು ಕೋಟೆಯನ್ನೇ ಒಪ್ಪಿಸಿದನೆಂದೂ ಜನರು ಹೇಳುವರು. ಮಸೀದಿಯು ಉಳಿಯಿತು, ಮಂತ್ರಾಲಯವೂ ಉಳಿಯಿತು.

ಮುಂದೆ ನಿಜಾಮನ ಸೋದರ ಬಸಾಲತ್ ಜಂಗನು ಇಲ್ಲಿ ನೆಲೆಸಿ 1782ರಲ್ಲಿ ತೀರಿಕೊಂಡನು. 1786ರಲ್ಲಿ ಟಿಪ್ಪು ಸುಲ್ತಾನನು ಒಂದು ತಿಂಗಳ ಮುತ್ತಿಗೆಯ ತರುವಾಯ ಕೋಟೆಯನ್ನು ಹಿಡಿದು ಗೋಡೆಗಳನ್ನು ಕೆಡವಿಸಿದನು. ನಾವು ಇಂದು ಕಾಣುವ ಹಾಳಿಗೆ ಮುಖ್ಯ ಕಾರಣ ಇದು. 1800ರಲ್ಲಿ ನಿಜಾಮನು ಈ ಸೀಮೆಯನ್ನೆಲ್ಲ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಬೆಟ್ಟದ ಮೇಲಿನ ಕೋಟೆಗೆ ಕೆಲಸವಿಲ್ಲದಾಯಿತು.

ಮಹನೀಯರೇ, ಇಷ್ಟು ಒಡೆಯರು ಬಂದು ಹೋದರೂ ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿ ತಾಯಿ ಮಗುವಿಗೆ ಕನ್ನಡದಲ್ಲಿಯೇ ಜೋಗುಳ ಹಾಡಿದಳು. ನೆರೆಯ ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ 1755ರಲ್ಲಿ ದೇಹಬಿಟ್ಟ ವಿಜಯದಾಸರು ಕನ್ನಡದಲ್ಲಿಯೇ ಹರಿಯನ್ನು ಹಾಡಿದರು. ಅದಕ್ಕೆ ಯಾವ ಸುಲ್ತಾನನೂ ಅಡ್ಡಿ ಮಾಡಲಿಲ್ಲ; ಯಾವ ಫಿರಂಗಿಯೂ ಅದನ್ನು ಕೆಡವಲಿಲ್ಲ.

1953ನೆಯ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದುವು ಮೈಸೂರಿಗೆ ಬಂದವು. ತಾಲೂಕನ್ನೇ ಘಟಕವಾಗಿ ಹಿಡಿದು ಗೆರೆ ಎಳೆದಾಗ ಒಂದೊಂದು ಹಳ್ಳಿಯ ಮಾತು ಯಾವುದೆಂಬುದು ಲೆಕ್ಕಕ್ಕೆ ಬರಲಿಲ್ಲ. ಈ ಅನ್ಯಾಯವನ್ನು ನ್ಯಾಯವಾದ ದಾರಿಯಲ್ಲಿಯೇ ಹೇಳುತ್ತ ಬರುವುದು ನಮ್ಮ ಕರ್ತವ್ಯ. ಆದರೆ ತೆಲುಗು ಬಾಂಧವರ ಮೇಲೆ ನಮಗೆ ದ್ವೇಷವಿಲ್ಲ. ಒಂದೇ ಕೆರೆಯ ನೀರು ಕುಡಿದವರು ನಾವು.

ಗೆರೆಯು ಎಲ್ಲಿಯೇ ಇರಲಿ, ಇಂದು ಮಾಡಬೇಕಾದ ಕೆಲಸವಿದೆ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಅನುಕೂಲವನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿಯು ಹೇಳುತ್ತದೆ. 1956ರಲ್ಲಿ ಸೇರಿಸಿದ ವಿಧಿಯಿದು. ಆದರೆ ಕೇಳದವರಿಗೆ ಅನುಕೂಲವು ತಾನಾಗಿ ಬಾರದು. ಕನ್ನಡ ಶಾಲೆಯಿರುವ ಊರಿನವರು ಮಕ್ಕಳನ್ನು ಅಲ್ಲಿಗೆ ಕಳುಹಿಸಿರಿ. ಹಾಜರಿಯ ಪುಸ್ತಕದಲ್ಲಿ ಹೆಸರುಗಳಿಲ್ಲದಿದ್ದರೆ ಶಾಲೆಯು ನಿಲ್ಲದು. ಶಾಲೆಯಿಲ್ಲದ ಊರಿನವರು ಎಲ್ಲರೂ ಸಹಿ ಮಾಡಿ ಅರ್ಜಿ ಬರೆಯಿರಿ.

ಇನ್ನೊಂದು ವಿನಂತಿ. ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಈ ಬೆಟ್ಟವನ್ನು ಏರಿರಿ. ಕಲ್ಲುಗಳ ಮೇಲೆ ಹೆಸರು ಕೆತ್ತಲು ಬಿಡಬೇಡಿರಿ. ನಿಮ್ಮ ಹೊಲದಲ್ಲಿಯೋ ಗುಡಿಯ ಬಳಿಯೋ ಬರಹವಿರುವ ಕಲ್ಲು ಕಂಡರೆ ಮನೆಯ ಮೆಟ್ಟಿಲಿಗೆ ಹಾಕದೆ ತಿಳಿದವರಿಗೆ ತೋರಿಸಿರಿ. ಆ ಅಕ್ಷರಗಳನ್ನು ನಮ್ಮ ಮೊಮ್ಮಕ್ಕಳು ಕೂಡಿಸಿ ಓದಬಲ್ಲವರಾದರೆ, ಕೋಟೆಯ ಗೋಡೆ ಬಿದ್ದುದಕ್ಕೆ ನಾವು ಮರುಗಬೇಕಾದುದಿಲ್ಲ.